ತೆಂಗಿನ ಸೀಮೆಯ ಮನೆ: ಸಾಮಾನಿನ ಒಪ್ಪ, ಓರಣ

ಹಾಸನ ಜಿಲ್ಲೆಯ ಜಾವಗಲ್ ಹೋಬಳಿಯ ರೈತರ ಮನೆಯಲ್ಲಿ ಜನರಷ್ಟೇ ಜಾಗವನ್ನು ಬೆಳೆಯೂ ಕೇಳುತ್ತದೆ. ಅರಸೀಕೆರೆ ತಾಲ್ಲೂಕಿನ ಈ ಭಾಗ ತೆಂಗು, ರಾಗಿಗಳ ಸೀಮೆ. ಅಟ್ಟದ ಮೇಲೆ ಕೊಬ್ಬರಿಯಾಗಲು ಇಟ್ಟ ಕಾಯಿ, ಕೋಣೆಯಲ್ಲಿ ರಾಗಿ ಚೀಲ, ಪಡಸಾಲೆಯ ಮೂಲೆಯಲ್ಲಿ ಮೋಟರಿನ ಸ್ಟಾರ್ಟರ್ ಡಬ್ಬ ಮತ್ತು ಹನಿ ನೀರಾವರಿ ಪೈಪಿನ ಸುರುಳಿ, ಬಾಗಿಲ ಹಿಂದೆ ಗೊಬ್ಬರದ ಖಾಲಿ ಚೀಲಗಳ ಕಟ್ಟು. ಇವುಗಳ ನಡುವೆಯೇ ಮಕ್ಕಳ ಪುಸ್ತಕ, ಮದುವೆಗಳಲ್ಲಿ ಬಂದ ಪಾತ್ರೆ, ಬೆಂಗಳೂರಿನಲ್ಲಿರುವ ಮಗ ಬಿಟ್ಟುಹೋದ ಸೂಟ್‌ಕೇಸು, ಅಜ್ಜಿಯ ಟ್ರಂಕು. ಪೇಟೆಯ ಫ್ಲ್ಯಾಟುಗಳಿಗೆಂದು ಹೇಳುವ ಸಲಹೆಗಳು ಇಂಥ ಮನೆಗೆ ಅರ್ಧ ಮಾತ್ರ ಒದಗುತ್ತವೆ. ಅಲ್ಲಿ ಕೊಂಡದ್ದು ಹೆಚ್ಚಾಗಿ ಮನೆ ತುಂಬುತ್ತದೆ. ಇಲ್ಲಿ ಬೆಳೆದದ್ದು, ಮುಯ್ಯಿಯಾಗಿ ಬಂದದ್ದು, ನೆಂಟರು ಬಿಟ್ಟುಹೋದದ್ದು ಎಲ್ಲ ಸೇರಿ ತುಂಬುತ್ತದೆ. ಯಾವ ತಿಂಗಳಲ್ಲಿ ಯಾವುದಕ್ಕೆ ಎಷ್ಟು ಜಾಗ ಬೇಕು ಎನ್ನುವುದು ಮೊದಲು ಇತ್ಯರ್ಥವಾಗಬೇಕು. ಏನನ್ನು ಹೊರಗೆ ಹಾಕಬೇಕೆಂಬುದು ಆಮೇಲಿನ ಮಾತು.

ಈ ಕೆಲಸಕ್ಕೆ ಯುಗಾದಿಯ ಹಿಂದಿನ ಮೂರು ನಾಲ್ಕು ವಾರಗಳಿಗಿಂತ ಒಳ್ಳೆಯ ಕಾಲವಿಲ್ಲ. ಹಬ್ಬಕ್ಕೆ ಸುಣ್ಣಬಣ್ಣ ಬಳಿದು ಮನೆ ತೊಳೆಯುವ ರೂಢಿ ಹೇಗೂ ಇದೆ. ಅಷ್ಟರಲ್ಲಿ ರಾಗಿಯ ಒಕ್ಕಣೆ ಮುಗಿದು ಕಾಳು ಮನೆ ಸೇರಿರುತ್ತದೆ, ಮುಂಗಾರಿನ ಉಳುಮೆ ಇನ್ನೂ ಶುರುವಾಗಿರುವುದಿಲ್ಲ, ಹಾಸಿಗೆ ಬಟ್ಟೆಗಳನ್ನು ಒಣಗಿಸಲು ಬಿಸಿಲು ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ಸಾಂಬಾರ ಪುಡಿ ಕುಟ್ಟಿಸಿ, ಹಪ್ಪಳ ಸಂಡಿಗೆ ಮಾಡಿ ತುಂಬಿಡಲು ಜಾಡಿ ಡಬ್ಬಗಳೂ ಖಾಲಿಯಾಗಬೇಕು. ಹಬ್ಬದ ಹಿಂದಿನ ಎರಡೇ ದಿನಗಳಲ್ಲಿ ಇದೆಲ್ಲವನ್ನೂ ಮುಗಿಸಹೊರಟರೆ ಸಾಮಾನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತದೆ, ಅಷ್ಟೆ. ವಾರಕ್ಕೆ ಒಂದು ಜಾಗ ಎಂದು ಹಿಡಿದರೆ ಮನೆಯ ದಿನದ ಕೆಲಸವೂ ನಿಲ್ಲುವುದಿಲ್ಲ.

ಯಾರು ಮಾಡಬೇಕು ಎಂಬ ಪ್ರಶ್ನೆಯೂ ಇಲ್ಲಿ ಮುಖ್ಯ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರವರೆಗೆ ದಂಪತಿಗಳಿಬ್ಬರೂ ದುಡಿಯುವ 32 ಕುಟುಂಬಗಳ ಮನೆಬಾಳನ್ನು ಹತ್ತಿರದಿಂದ ಅಭ್ಯಾಸ ಮಾಡಿದರು. ಈ ಅಧ್ಯಯನದಿಂದ 2010ರಲ್ಲಿ ಪ್ರಕಟವಾದ ಒಂದು ಲೇಖನದ ಪ್ರಕಾರ, ತಮ್ಮ ಮನೆ ಸಾಮಾನಿನಿಂದ ತುಂಬಿದೆ, ಕೆಲಸ ಮುಗಿಯುವುದೇ ಇಲ್ಲ ಎಂದು ವರ್ಣಿಸಿದ ಹೆಂಡಂದಿರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಸಂಜೆಯ ಹೊತ್ತಿಗೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಅದೇ ಮನೆಯ ಗಂಡಂದಿರಲ್ಲಿ ಈ ಸಂಬಂಧ ಹಾಗೆ ಕಾಣಲಿಲ್ಲ. ಸಾಮಾನು ಎಲ್ಲರದು, ಅದರ ಭಾರ ಒಬ್ಬಳದು ಎನ್ನುವ ಸ್ಥಿತಿ ಅಮೆರಿಕದ ಮನೆಗಳಲ್ಲಿ ಮಾತ್ರ ಇರುವುದಲ್ಲ. ಕೃಷಿ ಸಾಮಾನು ಗಂಡಸರ ಪಾಲು, ಅಡುಗೆಮನೆ ಅತ್ತೆ ಸೊಸೆಯರಿಬ್ಬರ ಪಾಲು, ಪುಸ್ತಕ ಆಟಿಕೆ ಮಕ್ಕಳ ಪಾಲು ಎಂದು ಮೊದಲೇ ಹಂಚಿಕೊಳ್ಳುವುದು ನ್ಯಾಯ. ಅದರ ಜೊತೆಗೆ ಇನ್ನೊಂದು ಕಟ್ಟುನಿಟ್ಟೂ ಇರಬೇಕು: ಒಬ್ಬರ ವಸ್ತುವನ್ನು ಅವರಿಲ್ಲದಾಗ ಇನ್ನೊಬ್ಬರು ಹೊರಗೆ ಹಾಕಕೂಡದು. ಅಜ್ಜಿಯ ಟ್ರಂಕನ್ನು ಅಜ್ಜಿಯೇ ಕೂತು ತೆಗೆಸಬೇಕು. ಬೇರೆಯಾದ ಅಣ್ಣತಮ್ಮಂದಿರು ಹಳೆಮನೆಯಲ್ಲಿ ಬಿಟ್ಟ ಸಾಮಾನಿಗೆ ಫೋನ್ ಮಾಡಿ, ಹಬ್ಬಕ್ಕೆ ಬಂದಾಗ ಒಯ್ಯುವಂತೆ ಹೇಳಿ, ಅಲ್ಲಿಯವರೆಗೆ ಹೆಸರು ಬರೆದು ಒಂದೇ ಮೂಲೆಯಲ್ಲಿ ಇಡಬೇಕು. ಸಾಮಾನಿನ ಕಾರಣಕ್ಕೆ ಕೆಟ್ಟ ಸಂಬಂಧವನ್ನು ಸರಿಪಡಿಸುವುದು ಅಟ್ಟ ಗುಡಿಸಿದಷ್ಟು ಸುಲಭವಲ್ಲ.

ಜಪಾನಿನ ಮಾರಿ ಕೊಂಡೊ 2011ರಲ್ಲಿ ಬರೆದ ಪುಸ್ತಕದಿಂದ ಜಗತ್ತಿನಾದ್ಯಂತ ಹರಡಿದ ಕ್ರಮದಲ್ಲಿ ಎರಡು ಮಾತು ಇಲ್ಲಿಗೂ ಹೊಂದುತ್ತವೆ. ಕೋಣೆ ಕೋಣೆಯಾಗಿ ಹೋಗದೆ ಒಂದು ಜಾತಿಯ ವಸ್ತುವನ್ನೆಲ್ಲ ಒಂದೆಡೆ ರಾಶಿ ಹಾಕಿ ನೋಡಬೇಕು ಎನ್ನುವುದು ಒಂದು. ಬೀರುವಿನಲ್ಲಿ, ಹಗ್ಗದ ಮೇಲೆ, ಮಂಚದ ಕೆಳಗೆ, ಟ್ರಂಕಿನಲ್ಲಿ ಚದುರಿದ ಬಟ್ಟೆ ಒಂದೇ ಚಾಪೆಯ ಮೇಲೆ ಬಿದ್ದಾಗಲೇ ಎಷ್ಟಿದೆ ಎಂದು ತಿಳಿಯುವುದು. ಫೋಟೋ, ಪತ್ರ, ಹಿರಿಯರ ನೆನಪಿನ ವಸ್ತುಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು ಎನ್ನುವುದು ಇನ್ನೊಂದು. ಅವುಗಳಿಂದ ಶುರು ಮಾಡಿದರೆ ಮಧ್ಯಾಹ್ನವೆಲ್ಲ ಹಳೆಯ ಮಾತಿನಲ್ಲಿ ಕಳೆದು, ಕೆಲಸ ಅಲ್ಲಿಗೇ ನಿಲ್ಲುತ್ತದೆ. ವಸ್ತು ಕೈಗೆತ್ತಿಕೊಂಡಾಗ ಮನಸ್ಸು ಅರಳುತ್ತದೆಯೇ ಎಂಬ ಕೊಂಡೊ ಅವರ ಒರೆಗಲ್ಲು ಮಾತ್ರ ಕುಡುಗೋಲಿಗೂ ಪಂಪಿನ ವಾಷರಿಗೂ ನಡೆಯದು. ಅವುಗಳಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಕಳೆದ ಎರಡು ಬೆಳೆಯಲ್ಲಿ ಇದು ಕೈಗೆ ಬಂತೇ? ಕೆಟ್ಟರೆ ರಿಪೇರಿ ಮಾಡಿಸುವವರು ಇದ್ದಾರೆಯೇ? ಅಕ್ಕಪಕ್ಕದವರಿಂದ ಕಡ ತರಬಹುದೇ?

ಕೆಲಸ ಶುರು ಮಾಡುವಾಗ ಹೊಸ ಡಬ್ಬ, ಹೊಸ ಸ್ಟ್ಯಾಂಡು ಕೊಳ್ಳುವ ಆಸೆಯನ್ನು ತಡೆಯಬೇಕು. ಇರುವುದನ್ನು ಕಡಿಮೆ ಮಾಡಿದ ಮೇಲೆ ಬಹಳ ಮನೆಗಳಲ್ಲಿ ಹಳೆಯ ಡಬ್ಬಗಳೇ ಮಿಗುತ್ತವೆ.

ಅಡುಗೆಮನೆ ಮತ್ತು ಕಾಳುಕಡಿ

ಅಡುಗೆಮನೆಯಲ್ಲಿ ಸೊಂಟದಿಂದ ಕಣ್ಣಿನ ಮಟ್ಟದವರೆಗಿನ ಜಾಗ ದಿನದ ಬಳಕೆಯ ವಸ್ತುಗಳದು. ಮುದ್ದೆ ಮಾಡುವ ಪಾತ್ರೆ ಮತ್ತು ಕೋಲು, ಸಾರಿನ ಪಾತ್ರೆ, ಕುಕ್ಕರು, ಮಿಕ್ಸಿ, ಸಾಂಬಾರ ಬಟ್ಟಲು ಇಲ್ಲಿರಬೇಕು. ಭಾರದ ಹಿಟ್ಟಿನ ಡಬ್ಬ ಕೆಳಗೆ, ಹಬ್ಬಕ್ಕೆ ಮಾತ್ರ ಇಳಿಸುವ ಪಾತ್ರೆ ಮೇಲೆ. ಕೈಗೆ ಸಿಗುವ ಜಾಗವನ್ನು ಹಬ್ಬದ ಪಾತ್ರೆಗೆ ಕೊಟ್ಟು ದಿನದ ಪಾತ್ರೆಗೆ ಬಗ್ಗಿ ಏಳುವ ಮನೆಗಳು ಬಹಳ. ಇದೊಂದು ಬದಲಾದರೂ ಅಡುಗೆ ಮಾಡುವವರ ಬೆನ್ನು ಉಳಿಯುತ್ತದೆ.

ಮುಯ್ಯಿಯಾಗಿ ಬಂದ ಸ್ಟೀಲ್ ಪಾತ್ರೆಗಳ ಕಥೆ ಬೇರೆ. ಮದುವೆ, ಗೃಹಪ್ರವೇಶ, ನಾಮಕರಣಗಳಲ್ಲಿ ಬಂದ ಲೋಟ, ಡಬರಿ, ಬಿಂದಿಗೆಗಳ ಮೇಲೆ ಕೊಟ್ಟವರ ಹೆಸರು ಕೆತ್ತಿರುತ್ತದೆ. ಹಾಗಾಗಿ ಬೇರೆಯವರಿಗೆ ಕೊಡಲೂ ಸಂಕೋಚ, ಬಳಸಲೂ ಅಗತ್ಯವಿಲ್ಲ. ಇವನ್ನು ಮೂರು ಪಾಲು ಮಾಡಬಹುದು. ಮನೆಯಲ್ಲಿ ಊಟಕ್ಕೆ ಕೂರುವವರ ಎರಡರಷ್ಟು ತಟ್ಟೆ ಲೋಟ ಒಳಗೆ ಉಳಿಯಲಿ. ಊರ ಜಾತ್ರೆಗೋ ಉರುಸಿಗೋ ನೆಂಟರು ಬಂದಾಗ ಬೇಕಾಗುವಷ್ಟು ಒಂದು ಗೋಣಿಚೀಲದಲ್ಲಿ ಕಟ್ಟಿ, ಒಳಗೇನಿದೆ ಎಂದು ಚೀಟಿ ಅಂಟಿಸಿ ಇಡಲಿ. ಉಳಿದದ್ದನ್ನು ತೂಕಕ್ಕೆ ಹಾಕಿ, ನಿಜವಾಗಿ ಬೇಕಾದ ಒಂದು ಪಾತ್ರೆಯನ್ನು ಬದಲಿಗೆ ತರಬಹುದು, ಇಲ್ಲವೇ ಅಂಗನವಾಡಿಗೆ, ಸಮುದಾಯ ಭವನಕ್ಕೆ ಕೊಡಬಹುದು. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಕಂಚಿನ ತಟ್ಟೆಗಳನ್ನು ಮಾತ್ರ ಸ್ಟೀಲಿನ ಜೊತೆ ಅವಸರದಲ್ಲಿ ತೂಕಕ್ಕೆ ಹಾಕುವುದು ಬೇಡ. ಲೋಹದ ಬೆಲೆ ಹೆಚ್ಚು. ಕೈಯಲ್ಲಿ ಬಡಿದು ಮಾಡಿದ ಹಳೆಯ ಪಾತ್ರೆ ಹೋದರೆ ಅಂಥದ್ದು ಮತ್ತೆ ಸಿಗುವುದೂ ಕಷ್ಟ. ಅಡುಗೆಗೆ ಬಳಸುವ ಹಿತ್ತಾಳೆ ತಾಮ್ರಕ್ಕೆ ಕಲಾಯಿ ಮಾಡಿಸಬೇಕು. ಕಲಾಯಿ ಹೋದದ್ದನ್ನು ಹುಳಿ ಅಡುಗೆಗೆ ಇಡಬಾರದು. ನೀರಿಗೋ ಕಾಳು ತುಂಬಲಿಕ್ಕೋ ಅವು ಉಪಯೋಗಕ್ಕೆ ಬರುತ್ತವೆ.

ಕಾಳಿನ ವಿಷಯದಲ್ಲಿ ಹಿಂದಿನವರ ಜಾಣತನ ದೊಡ್ಡದು. ಹಳೆ ಮೈಸೂರು ಸೀಮೆಯಲ್ಲಿ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಮನೆಯೊಳಗಿನ ಜಾಗ ಅದರಿಂದ ಉಳಿಯುತ್ತಿತ್ತು. ಹಗೇವು ಹೋಗಿ ಚೀಲ ಬಂದ ಮೇಲೆ ರಾಗಿ ಕೋಣೆಗೆ ಬಂತು. ಚೀಲಗಳನ್ನು ನೆಲಕ್ಕೆ ತಾಗಿಸದೆ ಮರದ ಹಲಗೆ ಅಥವಾ ತೆಂಗಿನ ತೀರುಗಳ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಪೇರಿಸಿದರೆ ತೇವ ಹತ್ತುವುದಿಲ್ಲ, ಇಲಿ ಓಡಾಡಿದರೆ ಕಾಣುತ್ತದೆ, ಕಸ ಗುಡಿಸಲು ಬರುತ್ತದೆ. ಹೊಸ ಚೀಲದ ಮೇಲೆ ವರ್ಷ ಬರೆದು ಹಿಂದಿಟ್ಟು, ಹಳೆಯದನ್ನು ಮುಂದಕ್ಕೆ ತರಬೇಕು.

ಚೆನ್ನಾಗಿ ಒಣಗಿದ ರಾಗಿಗೆ ಹುಳ ಬೀಳುವುದು ಅಪರೂಪ. ಅವರೆ, ಹುರುಳಿ, ತೊಗರಿ, ಅಲಸಂದೆ ಹಾಗಲ್ಲ. ಇವನ್ನು ಕೆಡಿಸುವ ಹುಳ ಇಡೀ ಕಾಳಿನ ಮೇಲೆ ಮೊಟ್ಟೆಯಿಡುತ್ತದೆ. ಬೇಳೆ ಮಾಡಿಸಿ ಇಟ್ಟರೆ ಅದರ ಕಾಟ ಕಡಿಮೆ. ಬಿತ್ತನೆಗೆ ಬೇಕಾದಷ್ಟನ್ನು ಕೆಮ್ಮಣ್ಣು ಕಟ್ಟಿಯೋ ಬೂದಿ ಬೆರೆಸಿಯೋ ಇಟ್ಟು, ಊಟದ ಪಾಲನ್ನು ಬೇಳೆ ಮಾಡಿಸುವುದು ಒಳ್ಳೆಯದು. ಬೇವಿನ ಎಲೆ, ಲಕ್ಕಿ ಸೊಪ್ಪು ಹಾಕುವುದಿದ್ದರೆ ನೆರಳಲ್ಲಿ ಒಣಗಿಸಿಯೇ ಹಾಕಬೇಕು. ಹಸಿ ಎಲೆ ಹಾಕಿದರೆ ತೇವ ಸೇರುತ್ತದೆ. ಬಿಸಿಲಿಗೆ ಒಣಗಿಸಿದ ಕಾಳು ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಬೇಕು. ಬಿಸಿಯಾಗಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಕೀಟನಾಶಕ, ಕಳೆನಾಶಕ, ಇಲಿ ಪಾಷಾಣ ಕಾಳಿನ ಕೋಣೆಯಲ್ಲಿ ಒಂದು ಗಳಿಗೆಯೂ ಇರಕೂಡದು. ಮನೆಯಿಂದ ಹೊರಗೆ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬಂದ ಬಾಟಲಿಯಲ್ಲಿಯೇ ಇರಬೇಕು. ಕೂಲ್‌ಡ್ರಿಂಕ್ ಬಾಟಲಿಗೆ ಬಗ್ಗಿಸಿ ಇಡುವ ಅಭ್ಯಾಸ ಪ್ರಾಣ ತೆಗೆಯುತ್ತದೆ. ಇಡೀ ಮನೆಯಲ್ಲಿ ಮೊದಲ ದಿನವೇ ಆಗಬೇಕಾದ ಕೆಲಸ ಯಾವುದೆಂದರೆ ಇದು.

ಬಟ್ಟೆ, ಹಾಸಿಗೆ

ಬಟ್ಟೆಯ ರಾಶಿಯಿಂದ ಹರಿದದ್ದು, ಚಿಕ್ಕದಾದದ್ದು, ಬಣ್ಣ ಮಾಸಿದ್ದು ಬೇಗ ಬೇರೆಯಾಗುತ್ತವೆ. ಹೊಲಕ್ಕೆ ಹಾಕುವ ಹಳೆ ಬಟ್ಟೆಯನ್ನು ಮೂರು ಜೊತೆಗೆ ನಿಲ್ಲಿಸಬೇಕು; ‘ಹೊಲಕ್ಕೆ ಆಗುತ್ತೆ’ ಎಂಬ ಹೆಸರಿನಲ್ಲಿ ಉಳಿಯುವ ಬಟ್ಟೆಗೆ ಲೆಕ್ಕವೇ ಇರುವುದಿಲ್ಲ. ತಾಂಬೂಲದ ಜೊತೆ ಬಂದ ರವಿಕೆ ಕಣಗಳಿಗೆ ಒಂದೇ ಡಬ್ಬ ಇರಲಿ, ಅದು ತುಂಬಿದರೆ ಗೌರಿಹಬ್ಬದ ಬಾಗಿನಕ್ಕೆ ಹೊಸದು ಕೊಳ್ಳದೆ ಅದರಿಂದಲೇ ತೆಗೆಯಬಹುದು. ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು, ನೆರಳಿನಲ್ಲಿ ಗಾಳಿಗೆ ಹಿಡಿದು, ಮಡಿಕೆ ಬದಲಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಹಾಸಿಗೆ ದಿಂಬುಗಳಿಗೆ ಒಂದು ದಿನದ ಬಿಸಿಲು. ಮಕ್ಕಳ ಬಟ್ಟೆ, ಬ್ಯಾಗು, ಪುಸ್ತಕಗಳಿಗೆ ಅವರ ಎತ್ತರಕ್ಕೆ ಎಟುಕುವ ಗೂಡು ಅಥವಾ ಕಪಾಟು ಕೊಟ್ಟರೆ ಅವರೇ ಇಟ್ಟುಕೊಳ್ಳುತ್ತಾರೆ.

ಕಾಗದಪತ್ರ

ಮನೆಯಲ್ಲಿ ಅತಿ ಕಡಿಮೆ ಜಾಗ ಹಿಡಿದು ಅತಿ ಹೆಚ್ಚು ತೊಂದರೆ ಕೊಡುವುದು ಕಾಗದ. ಕ್ಯಾಲೆಂಡರಿನ ಮೊಳೆಗೆ ಚುಚ್ಚಿದ ಕರೆಂಟ್ ಬಿಲ್ಲು, ದೇವರ ಫೋಟೋದ ಹಿಂದೆ ಸಿಕ್ಕಿಸಿದ ಸೊಸೈಟಿ ರಸೀದಿ, ಸೂಟ್‌ಕೇಸಿನ ತಳದಲ್ಲಿ ಕ್ರಯಪತ್ರ. ಎಲ್ಲವನ್ನೂ ಒಂದೆಡೆ ತಂದು, ಮತ್ತೆ ಸಿಗುವ ಕಾಗದ, ಮತ್ತೆ ಸಿಗುವುದು ಕಷ್ಟವಾದ ಕಾಗದ ಎಂದು ವಿಂಗಡಿಸಬೇಕು.

ಕರ್ನಾಟಕದ ‘ಭೂಮಿ’ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದು ಎರಡು ದಶಕ ಕಳೆಯಿತು. ಈಗಿನ ಪಹಣಿ ನಾಡಕಚೇರಿಯಲ್ಲಿಯೂ ಜಾಲತಾಣದಲ್ಲಿಯೂ ಬೇಕಾದಾಗ ಸಿಗುತ್ತದೆ. ಸಾಲಕ್ಕೆಂದು ವರ್ಷವರ್ಷ ತೆಗೆಸಿದ ಪಹಣಿಯ ಪ್ರತಿಗಳನ್ನು ಕಟ್ಟು ಕಟ್ಟಿ ಇಡಬೇಕಾಗಿಲ್ಲ, ಕೊನೆಯದೊಂದು ಸಾಕು. ಕಂಪ್ಯೂಟರಿಗೆ ಮುಂಚಿನ ಕೈಬರಹದ ಪಹಣಿ, ಮ್ಯುಟೇಶನ್ ನಕಲು, ಟಿಪ್ಪಣಿ, ಹದ್ದುಬಸ್ತಿನ ನಕ್ಷೆಗಳನ್ನು ಮಾತ್ರ ಜೋಪಾನ ಮಾಡಬೇಕು. ಜಮೀನಿನ ತಕರಾರು ಬಂದಾಗ ಮೊದಲು ಕೇಳುವುದು ಇವನ್ನೇ. ನೋಂದಣಿಯಾದ ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮರಣಶಾಸನಗಳ ದೃಢೀಕೃತ ನಕಲು ಅರಸೀಕೆರೆಯ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಕ್ಕರೂ ಮೂಲಪತ್ರಕ್ಕೆ ಅದು ಸಮವಲ್ಲ. ಬ್ಯಾಂಕು ಕೇಳುವುದು ಮೂಲವನ್ನೇ. ಮೂಲಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸುವುದು ತಪ್ಪು. ಮುದ್ರೆ, ಸಹಿ ಪರೀಕ್ಷಿಸಲು ಅದರಿಂದ ಅಡ್ಡಿಯಾಗುತ್ತದೆ, ಬಿಡಿಸಹೋದರೆ ಕಾಗದವೇ ಹರಿಯುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಟಿಸಿ, ಜನನ ಮರಣ ಪತ್ರ, ಜಾತಿ ಪತ್ರ, ವಿಮೆ ಬಾಂಡು, ಸಾಲ ತೀರಿದ್ದಕ್ಕೆ ಬ್ಯಾಂಕು ಅಥವಾ ಸೊಸೈಟಿ ಕೊಟ್ಟ ಬಾಕಿಯಿಲ್ಲ ಪತ್ರ ಇವೂ ಜೋಪಾನದ ಪಾಲಿಗೆ ಸೇರುತ್ತವೆ. ಸಾಲ ಕಟ್ಟಿದ ಚಿಲ್ಲರೆ ರಸೀದಿಗಳನ್ನು ಆ ಬಾಕಿಯಿಲ್ಲ ಪತ್ರ ಕೈಗೆ ಬರುವವರೆಗೂ ಎಸೆಯಬಾರದು. ಮೋಟರು, ಮಿಕ್ಸಿಗಳ ಬಿಲ್ಲು ವಾರಂಟಿ ಮುಗಿಯುವವರೆಗೆ.

ಇವೆಲ್ಲ ಗಟ್ಟಿ ರಟ್ಟಿನ ಫೈಲುಗಳಲ್ಲಿ, ಗೆದ್ದಲು ಹತ್ತದ ಕಬ್ಬಿಣದ ಬೀರುವಿನ ಮೇಲಿನ ಅರೆಯಲ್ಲಿ ಇರಲಿ. ಫೋನಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರ ಬಳಿಯಾದರೂ ಇರಬೇಕು. 2015ರಲ್ಲಿ ಶುರುವಾದ ಡಿಜಿಲಾಕರಿನಲ್ಲಿ ಸಿಗುವ ಪತ್ರಗಳನ್ನು ಅಲ್ಲಿಗೂ ಸೇರಿಸಬಹುದು. ಯಾವ ಕಾಗದ ಎಲ್ಲಿದೆ ಎಂಬುದು ಯಜಮಾನನೊಬ್ಬನಿಗೆ ಗೊತ್ತಿದ್ದರೆ ಸಾಲದು, ಹೆಂಡತಿಗೂ ಗೊತ್ತಿರಬೇಕು. ಪೌತಿ ಖಾತೆ ಮಾಡಿಸಲು ಅಲೆಯುವ ಎಷ್ಟೋ ಹೆಂಗಸರ ಕಷ್ಟ ಶುರುವಾಗುವುದು ಕಾಗದ ಎಲ್ಲಿದೆ ಎಂದು ತಿಳಿಯದೆ.

ಅಟ್ಟ

ಈ ಸೀಮೆಯ ಅಟ್ಟ ಕೊಬ್ಬರಿಯ ಅಟ್ಟ. ಉಂಡೆ ಕೊಬ್ಬರಿಗೆ ಪೂರ್ತಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಬಂದಾಗ ಕೊಬ್ಬರಿ ಆಯಿತೆಂದು ಅರ್ಥ. ಅಂದರೆ ಅಟ್ಟದ ಬಹುಪಾಲು ವರ್ಷವಿಡೀ ತುಂಬಿಯೇ ಇರುತ್ತದೆ. ಬೇಡದ ಸಾಮಾನನ್ನು ಅಟ್ಟಕ್ಕೆ ಹಾಕುವ ರೂಢಿ ಇಲ್ಲಿ ಎರಡು ರೀತಿಯಲ್ಲಿ ಅಪಾಯ.

ಮೊದಲನೆಯದು ಭಾರ. ಮಟ್ಟೆ ಸಹಿತ ಬಲಿತ ಕಾಯಿ ಒಂದು ಕಿಲೋ ಮೀರಿಯೇ ತೂಗುತ್ತದೆ. ಸಾವಿರ ಕಾಯಿ ಎಂದರೆ ಒಂದು ಟನ್ನಿಗಿಂತ ಹೆಚ್ಚು. ಅದರ ಜೊತೆ ಮುರಿದ ಮಂಚ, ಹಳೆ ಟ್ರಂಕು, ಒಡೆದ ಹೆಂಚುಗಳನ್ನೂ ಏರಿಸಿದರೆ ತೊಲೆಗಳು ಬಗ್ಗುತ್ತವೆ. ಅಟ್ಟದ ತೊಲೆ ಸೊಟ್ಟಗಾಗಿದೆಯೇ, ಗೆದ್ದಲು ಹಿಡಿದಿದೆಯೇ ಎಂದು ವರ್ಷಕ್ಕೊಮ್ಮೆ ಬಡಗಿಯಿಂದ ನೋಡಿಸಬೇಕು. ಎರಡನೆಯದು ಬೆಂಕಿ. ಒಣ ಮಟ್ಟೆ, ಕೊಬ್ಬರಿಯ ಎಣ್ಣೆ ಅಂಶ, ಹಳೆ ಕಾಗದ, ಇಲಿ ಕಡಿದ ವೈರು ಒಂದೆಡೆ ಸೇರುವುದು ಭಯ ಪಡಬೇಕಾದ ಸಂಗತಿ. ಅಟ್ಟದಲ್ಲಿ ವೈರು ಹೋಗಿದ್ದರೆ ಪೈಪಿನೊಳಗೆ ಹೋಗಿರಬೇಕು, ಬಲ್ಬಿನ ಸುತ್ತ ಜಾಗ ಖಾಲಿ ಇರಬೇಕು.

ಕೊಬ್ಬರಿ ಸುಲಿದು ಮಾರಿದ ಮೇಲೆ, ಹೊಸ ಕಾಯಿ ಹಾಕುವ ಮೊದಲು ಅಟ್ಟ ಒಂದಿಷ್ಟು ದಿನ ಖಾಲಿಯಾಗುತ್ತದೆ. ಅಟ್ಟ ಒಪ್ಪ ಮಾಡಲು ಅದೇ ಸಮಯ. ಮೇಲಿರುವ ಎಲ್ಲವನ್ನೂ ಅಂಗಳಕ್ಕೆ ಇಳಿಸಬೇಕು. ಮುಖಕ್ಕೆ ಬಟ್ಟೆ ಕಟ್ಟಿ, ಕೈಗವಸು ಹಾಕಿ, ಕೋಲಿನಿಂದ ತಟ್ಟಿ ನೋಡಿಯೇ ಕೈ ಹಾಕಬೇಕು. ಮಟ್ಟೆಯ ನಡುವೆ ಚೇಳು, ಇಲಿಯ ಹಿಂದೆ ಬಂದ ಹಾವು ಇರಬಹುದು. ಇಲಿಯ ಉಚ್ಚೆಯಿಂದ ಇಲಿಜ್ವರ ಹರಡುವುದರಿಂದ ಕೈಕಾಲಿನ ಗಾಯಗಳನ್ನು ಮುಚ್ಚಿಕೊಂಡು ಇಳಿಯುವುದು ಲೇಸು. ಇಳಿಸಿದ್ದರಲ್ಲಿ ಮತ್ತೆ ಮೇಲೇರಬೇಕಾದದ್ದು ಬಹಳ ಸ್ವಲ್ಪ: ಮದುವೆಗೆ ಬೇಕಾಗುವ ದೊಡ್ಡ ಕೊಪ್ಪರಿಗೆ, ಮಹಾನವಮಿಗೆ ಕೂರಿಸುವ ಬೊಂಬೆಗಳ ಪೆಟ್ಟಿಗೆ, ಅಂಥವು. ಅವಕ್ಕೆ ಏಣಿಯ ಪಕ್ಕದಲ್ಲೇ ಜಾಗ ಕೊಟ್ಟು, ಪೆಟ್ಟಿಗೆಯ ಹೊರಗೆ ಹೆಸರು ಬರೆಯಬೇಕು.

ಅಟ್ಟದಲ್ಲಿ ಒಂದು ವಸ್ತು ಸಿಕ್ಕರೆ ಮಾತ್ರ ಕೆಲಸ ನಿಲ್ಲಿಸಿ ನೋಡಬೇಕು. ಹಿಂದೆ ಶಾನುಭೋಗಿಕೆ ಮಾಡಿದ, ಪಾಠ ಪುರಾಣ ನಡೆಸಿದ ಮನೆತನಗಳ ಪೆಟ್ಟಿಗೆಗಳಲ್ಲಿ ಓಲೆಗರಿಯ ಕಟ್ಟುಗಳೂ ಕಡತಗಳೂ ಇನ್ನೂ ಉಳಿದಿರಬಹುದು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯಿದೆ ರದ್ದು ಮಾಡಿದ ಮೇಲೆ ಇಂಥ ದಫ್ತರಗಳ ಉಪಯೋಗ ತಿಳಿದವರು ಕಡಿಮೆಯಾದರು. ಇವು ಗುಜರಿಗೂ ಒಲೆಗೂ ಹೋಗುವುದು ನಾಡಿಗೇ ನಷ್ಟ. ಮೈಸೂರಿನಲ್ಲಿ 1891ರಲ್ಲಿ ಶುರುವಾದ, ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯವೆನಿಸಿದ ಸಂಸ್ಥೆಗೆ ಹೀಗೆ ಬಂದು ಸೇರಿದ ಓಲೆಗರಿಗಳ ಆಧಾರದಿಂದಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚಿಗೆ ತಂದದ್ದು. ಓಲೆಗರಿ ಸಿಕ್ಕರೆ ನೀರಿನಿಂದ ಒರೆಸದೆ, ಬಿಸಿಲಿಗೆ ಹಾಕದೆ, ಗರಿಗಳನ್ನು ಬಲವಂತವಾಗಿ ಬಿಡಿಸದೆ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆ ಸಂಸ್ಥೆಯನ್ನೋ ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನೋ ಕೇಳಬೇಕು.

ಹಿತ್ತಿಲು ಮತ್ತು ಹೊರಹೋಗುವ ಸಾಮಾನು

ಮನೆಯೊಳಗಿನಿಂದ ಹೊರಬಂದ ಸಾಮಾನು ಹಿತ್ತಿಲಲ್ಲಿ ವರ್ಷಗಟ್ಟಲೆ ಕೂರುವುದು ಸಾಮಾನ್ಯ. ಹಳೆ ಟೈರು, ಒಡೆದ ಕೊಡ, ಉಪಯೋಗಿಸದ ಒರಳು, ತೆಂಗಿನ ಚಿಪ್ಪು ಇವುಗಳಲ್ಲಿ ಮಳೆನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಆದ್ದರಿಂದ ಮುಂಗಾರಿಗೆ ಮುಂಚೆ ಚಿಪ್ಪನ್ನು ಚೀಲಕ್ಕೆ ತುಂಬಿ ಚಿಪ್ಪಿನ ವ್ಯಾಪಾರಿಗೆ ಕೊಡಬೇಕು ಅಥವಾ ಬಚ್ಚಲ ಒಲೆಗೆಂದು ಮಾಡಿನ ಕೆಳಗೆ ಇಡಬೇಕು. ಒರಳನ್ನು ಬೋರಲು ಹಾಕಬೇಕು, ಮಟ್ಟೆ ಸೋಗೆಗಳನ್ನು ಮನೆಗೋಡೆಯಿಂದ ದೂರ ಒಟ್ಟಬೇಕು. ಮಟ್ಟೆಯನ್ನು ತೆಂಗಿನ ಬುಡದ ಪಾತಿಗೆ ಮುಚ್ಚಿಗೆಯಾಗಿ ಹಾಕಿದರೆ ತೇವವೂ ಉಳಿಯುತ್ತದೆ, ಹಿತ್ತಿಲೂ ಖಾಲಿಯಾಗುತ್ತದೆ. ಪೈಪು, ಕೇಬಲ್ಲು, ಸ್ಪ್ರೇಯರು, ಪಾನರು ಎಲ್ಲ ಪಡಸಾಲೆಯಿಂದ ಹೊರಟು ಕೊಟ್ಟಿಗೆಯ ಒಂದು ಗೋಡೆಗೆ ಬರಬೇಕು. ಮೊಳೆಗೆ ನೇತುಹಾಕಿದ್ದು ಹುಡುಕದೆ ಸಿಗುತ್ತದೆ.

ಕಬ್ಬಿಣ, ಪೇಪರು, ಗಟ್ಟಿ ಪ್ಲಾಸ್ಟಿಕ್ಕು, ಬಾಟಲಿ ಗುಜರಿಗೆ ಹೋಗುತ್ತವೆ. ಒಣಕಸವನ್ನು ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು. 2016ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲಿಯೇ ವಿಂಗಡಿಸುವುದನ್ನು ಕಡ್ಡಾಯ ಮಾಡಿದವು. ಕಸವನ್ನು ಬಯಲಲ್ಲಿ ಸುಡುವುದನ್ನೂ ತಡೆದವು. ಬಚ್ಚಲ ಒಲೆಗೆ ಪ್ಲಾಸ್ಟಿಕ್ ಕವರು ಹಾಕಿ ನೀರು ಕಾಯಿಸಿದರೆ ಆ ವಿಷದ ಹೊಗೆ ಕುಡಿಯುವವರು ಮನೆಯವರೇ. ಹಳೆ ಮೊಬೈಲು, ಚಾರ್ಜರು, ಟಿವಿಗಳನ್ನು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿ ಕೊಡಬೇಕು. ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸ ಇರುವುದರಿಂದ ಒಡೆದು ತಿಪ್ಪೆಗೆ ಹಾಕಬಾರದು. ಕೀಟನಾಶಕದ ಬಾಟಲಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿದು, ತೂತು ಹೊಡೆದು ಬೇರೆ ಇಡಬೇಕು. ಅದರಲ್ಲಿ ಸೀಮೆಎಣ್ಣೆಯನ್ನೂ ತುಂಬಬಾರದು.

ಯುಗಾದಿಗೆ ಮಾಡಿದ ಓರಣ ಗೌರಿ ಗಣೇಶ ಹಬ್ಬದ ಹೊತ್ತಿಗೆ ಸಡಿಲವಾಗುವುದು ಸಹಜ. ವಾರಕ್ಕೊಂದು ದಿನ ಅರ್ಧ ಗಂಟೆ ಎಲ್ಲರೂ ಸೇರಿ, ದಾರಿ ತಪ್ಪಿದ ಸಾಮಾನನ್ನು ಅದರ ಜಾಗಕ್ಕೆ ಕಳಿಸಿ, ನೀರು ತುಂಬುವ ತೊಟ್ಟಿ ಡ್ರಮ್ಮುಗಳನ್ನು ಅದೇ ದಿನ ಬರಿದು ಮಾಡಿ ಉಜ್ಜಿದರೆ ಬಹಳಷ್ಟು ನಿಲ್ಲುತ್ತದೆ. ದೊಡ್ಡದಾದ ಎರಡನೆಯ ಸುತ್ತಿಗೆ ಆಯುಧಪೂಜೆ ಒದಗುತ್ತದೆ. ನೇಗಿಲು, ಗುದ್ದಲಿ, ಮಚ್ಚು, ಮೋಟರು, ಟ್ರ್ಯಾಕ್ಟರುಗಳನ್ನು ಅಂದು ಹೇಗೂ ಹೊರಗೆ ತಂದು ತೊಳೆಯುತ್ತಾರೆ. ಹಿಡಿ ಹೋದದ್ದಕ್ಕೆ ಹಿಡಿ ಹಾಕಿಸುವುದು, ಸುಟ್ಟ ಸ್ಟಾರ್ಟರನ್ನು ರಿಪೇರಿಗೆ ಕೊಡುವುದು, ರಿಪೇರಿಯಾಗದ್ದನ್ನು ಗುಜರಿಗೆ ಕಳಿಸುವುದು ಹಬ್ಬದ ಹಿಂದಿನ ದಿನವೇ ಮುಗಿಯಬೇಕು. ಅರಿಸಿನ ಕುಂಕುಮ ಇಟ್ಟ ಮೇಲೆ ಕೆಟ್ಟ ಸಾಮಾನನ್ನೂ ಹೊರಗೆ ಹಾಕಲು ಮನೆಯವರಿಗೆ ಮನಸ್ಸು ಬರುವುದಿಲ್ಲ.